ಹೇಳುವಿಕೆಯಿಲ್ಲದ ಕಥೆಗಳು: ‘ವೇರ್ ದಿ ವಾಟರ್ ಟೇಸ್ಟ್ಸ್ ಲೈಕ್ ವೈನ್’ ಆಟದಲ್ಲಿ ಕಥಾಪ್ರಸರಣದ ಕಲ್ಪನೆ

ವಿಡಿಯೋ ಗೇಮ್ ಒಂದನ್ನು ಭಾಷಾವಿಜ್ಞಾನದ ಪತ್ರಿಕೆಯಲ್ಲಿ ವಿಮರ್ಶಿಸುವುದಕ್ಕೆ ಸಮರ್ಥನೆ ಬೇಕಾದೀತು. ಜಾನ್‌ಮನ್ ನಾರ್ಡ್‌ಹೇಗನ್ ಅವರ ಡಿಮ್ ಬಲ್ಬ್ ಗೇಮ್ಸ್ ಸಂಸ್ಥೆ ರೂಪಿಸಿ 2018ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ‘ವೇರ್ ದಿ ವಾಟರ್ ಟೇಸ್ಟ್ಸ್ ಲೈಕ್ ವೈನ್’ ಆಟವು ಆ ಸಮರ್ಥನೆಯನ್ನು ತಾನೇ ಒದಗಿಸುತ್ತದೆ. ಇದರಲ್ಲಿ ಗೆಲ್ಲಬೇಕಾದ ಶತ್ರುವಿಲ್ಲ. ಇಸ್ಪೀಟಿನಾಟದಲ್ಲಿ ತೋಳದ ಮುಖದ ವ್ಯಕ್ತಿಯೊಬ್ಬನಿಗೆ (ಗಾಯಕ ಸ್ಟಿಂಗ್ ಅವರ ಧ್ವನಿ) ಸೋತ ಆಟಗಾರನು ಅಸ್ಥಿಪಂಜರವಾಗಿ, ಮಹಾ ಆರ್ಥಿಕ ಕುಸಿತದ ಕಾಲದ ಅಮೆರಿಕವನ್ನು ನಡೆದು ದಾಟುತ್ತ, ಕಥೆಗಳನ್ನು ಕೂಡಿಸಿ ಸಾಲ ತೀರಿಸಬೇಕು. ದಾರಿಯಲ್ಲಿ ಕಂಡ ಸಣ್ಣ ಪ್ರಸಂಗಗಳು ಕಥೆಗಳಾಗಿ ಕೈಸೇರುತ್ತವೆ. ಅವನ್ನು ರಾತ್ರಿಯ ಬೆಂಕಿಯ ಪಕ್ಕದಲ್ಲಿ ಹದಿನಾರು ಅಲೆಮಾರಿ ಪಾತ್ರಗಳಿಗೆ ಹೇಳಿದರೆ ಅವರು ತಮ್ಮ ಬದುಕಿನ ಕಥೆಯನ್ನು ಒಂದೊಂದೇ ಅಧ್ಯಾಯವಾಗಿ ಬಿಟ್ಟುಕೊಡುತ್ತಾರೆ. ಹೇಳಿದ ಕಥೆ ದೇಶದಲ್ಲಿ ಹರಡುತ್ತದೆ. ಬಹಳ ದೂರದ ಊರೊಂದರಲ್ಲಿ ಅಪರಿಚಿತನೊಬ್ಬ ಅದನ್ನೇ, ಆದರೆ ಉಬ್ಬಿಸಿದ ರೂಪದಲ್ಲಿ, ಆಟಗಾರನಿಗೆ ಹೇಳುತ್ತಾನೆ. ಉಬ್ಬಿದ ರೂಪಕ್ಕೆ ಬೆಲೆ ಹೆಚ್ಚು.

ಅಂದರೆ ಇದು ಮೌಖಿಕ ಪ್ರಸರಣದ ಒಂದು ಮಾದರಿ. ಮಾದರಿಯೆಂದ ಮೇಲೆ ಅದು ಯಾವುದನ್ನು ಸರಿಯಾಗಿ ಗ್ರಹಿಸಿದೆ, ಯಾವುದನ್ನು ಕೈಬಿಟ್ಟಿದೆ ಎಂದು ಕೇಳಬಹುದು. ಕಥೆಗಳನ್ನು ಕೂಡಿಹಾಕುವುದೇ ವೃತ್ತಿಯಾದ ನಮಗೆ ಈ ಪ್ರಶ್ನೆ ಆಟದ ಆಚೆಗೂ ಚಾಚುತ್ತದೆ.

ಮೊದಲಿಗೆ ಆಟದ ನಿಧಾನಗತಿ. ಆಟಗಾರನು ನಕ್ಷೆಯ ಮೇಲೆ ಬೇಸರ ಬರುವಷ್ಟು ಮೆಲ್ಲಗೆ ನಡೆಯುತ್ತಾನೆ. ಶಿಳ್ಳೆ ಹೊಡೆದರೆ ಕೊಂಚ ಬೇಗ, ಯಾರದೋ ವಾಹನ ಸಿಕ್ಕರೆ ಇನ್ನೂ ಕೊಂಚ ಬೇಗ. ಇದನ್ನು ದೋಷವೆಂದು ಎಣಿಸಿದವರುಂಟು. ನನ್ನ ಅಭಿಪ್ರಾಯದಲ್ಲಿ ಆಟದ ಅತ್ಯಂತ ಪ್ರಾಮಾಣಿಕ ಅಂಶ ಇದೇ. ಕಥೆ ಊರಿಂದೂರಿಗೆ ಹೋಗುವುದು ಕಾಲ್ನಡಿಗೆಯ ವೇಗದಲ್ಲಿ. ಹೇಳಿದ್ದು ತಿರುಗಿ ಬರಬೇಕಾದರೆ ಹೇಳಿದವನು ಅದನ್ನು ಅರ್ಧ ಮರೆತಿರಬೇಕು. ಕೆಲವು ಗಂಟೆಗಳ ನಡಿಗೆಯ ಬಳಿಕ ನನ್ನದೇ ಕಥೆಯನ್ನು ಬೇರೊಬ್ಬನ ಬಾಯಲ್ಲಿ ಕೇಳಿದಾಗ, ಅದು ನನ್ನದೆಂದು ಗುರುತಿಸಲು ಒಂದು ಕ್ಷಣ ಹಿಡಿಯಿತು. ಆ ಒಂದು ಕ್ಷಣಕ್ಕಾಗಿ ಉಳಿದ ದಣಿವನ್ನು ಕ್ಷಮಿಸಬಹುದು.

ಆದರೆ ಕಥೆ ಬದಲಾಗುವ ರೀತಿಯಲ್ಲಿ ಆಟ ಎಡವುತ್ತದೆ. ಇಲ್ಲಿ ಕಥೆ ಬೆಳೆಯುತ್ತದೆ, ಎಂದೂ ಕುಗ್ಗುವುದಿಲ್ಲ. ಪ್ರಸರಣದ ಅಧ್ಯಯನಗಳು ಕಂಡದ್ದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಎಫ್. ಸಿ. ಬಾರ್ಟ್ಲೆಟ್ 1932ರ ‘ರಿಮೆಂಬರಿಂಗ್’ ಗ್ರಂಥದಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ಒಬ್ಬರಿಂದೊಬ್ಬರಿಗೆ ಸಾಗಿದ ಕಥೆ ಚಿಕ್ಕದಾಗುತ್ತ, ವಿಚಿತ್ರವಾದುದನ್ನು ಕಳಚಿಕೊಳ್ಳುತ್ತ, ಕೇಳುಗರಿಗೆ ಪರಿಚಿತವಾದ ತರ್ಕಕ್ಕೆ ಒಗ್ಗುತ್ತ ಹೋಯಿತು. ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ 1947ರಲ್ಲಿ ವದಂತಿಗಳ ಬಗೆಗೆ ಬರೆದಾಗ ಇದೇ ಕ್ರಿಯೆಯನ್ನು ಸಮತಟ್ಟಾಗುವಿಕೆ, ಹರಿತಗೊಳ್ಳುವಿಕೆ, ಹೊಂದಿಕೊಳ್ಳುವಿಕೆ ಎಂದು ವಿಂಗಡಿಸಿದರು. ಆಟ ಇವುಗಳಲ್ಲಿ ಹರಿತಗೊಳ್ಳುವಿಕೆಯನ್ನು ಮಾತ್ರ ಎತ್ತಿಕೊಂಡಿದೆ. ಇನ್ನೊಂದು ಕಡೆಯಿಂದ, ವಾಲ್ಟರ್ ಆಂಡರ್ಸನ್ 1923ರಲ್ಲಿ ಮಂಡಿಸಿದ ಸ್ವಯಂ ತಿದ್ದುಪಡಿಯ ನಿಯಮವನ್ನೂ ಮರೆಯಬಾರದು. ಜನ ಒಂದು ಕಥೆಯನ್ನು ಒಬ್ಬರಿಂದ ಒಮ್ಮೆ ಮಾತ್ರ ಕೇಳುವುದಿಲ್ಲ. ಹಲವರಿಂದ ಹಲವು ಸಲ ಕೇಳುತ್ತಾರೆ. ಆದ್ದರಿಂದ ತಪ್ಪಿದ್ದನ್ನು ಪರಂಪರೆಯೇ ಸರಿಪಡಿಸುತ್ತದೆ ಎಂಬುದು ಅದರ ಸಾರ. ‘ಹಾಗಲ್ಲ, ಆ ಕಥೆ ಹೀಗಿರುವುದು’ ಎಂದು ಮೂಲೆಯಿಂದ ಅಡ್ಡಬಾಯಿ ಹಾಕುವ ಅಜ್ಜಿ ಈ ಆಟದಲ್ಲಿಲ್ಲ. ಕೇಳುಗರೆಲ್ಲ ಕಥೆಯನ್ನು ಮೊದಲ ಬಾರಿಗೆ ಕೇಳುತ್ತಿರುವವರೇ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಬೆಂಕಿಯ ಪಕ್ಕದಲ್ಲಿ ಕುಳಿತ ಪಾತ್ರವು ದುಃಖದ ಕಥೆಯನ್ನೋ ನಗೆಯ ಕಥೆಯನ್ನೋ ಬೇಡಿದಾಗ ಆಟಗಾರನು ಮಾಡುವುದೇನು? ಪಟ್ಟಿಯಿಂದ ಒಂದನ್ನು ಆರಿಸುತ್ತಾನೆ. ಅಷ್ಟೇ. ಕಥೆ ಹೇಳಲ್ಪಟ್ಟಿತು ಎಂದು ನಾವು ಒಪ್ಪಿಕೊಳ್ಳಬೇಕು. ಹೇಗೆ ಆರಂಭಿಸಿದ, ಎಲ್ಲಿ ತಡೆದ, ಯಾವ ಮಾತಿಗೆ ದನಿ ತಗ್ಗಿಸಿದ ಎಂಬುದು ಆಟದಲ್ಲಿ ಎಲ್ಲಿಯೂ ಇಲ್ಲ. ಕಥೆಗಳ ಕುರಿತಾದ ಆಟದಲ್ಲಿ ಕಥನಕ್ರಿಯೆಯೇ ಗೈರುಹಾಜರಾಗಿದೆ. ರಿಚರ್ಡ್ ಬೌಮನ್ 1970ರ ದಶಕದಿಂದ ಒತ್ತಿಹೇಳಿದ್ದು, ಮೌಖಿಕ ಕಲೆ ಎಂದರೆ ಪಠ್ಯವಲ್ಲ, ಪ್ರದರ್ಶನ. ಹೇಳುವವನು ತನ್ನ ಹೇಳುವಿಕೆಗೆ ಕೇಳುಗರ ಮುಂದೆ ಹೊಣೆಯಾಗುವ ಸಂವಹನ ವಿಧಾನ. ಲಬೊವ್ ಮತ್ತು ವಲೆಟ್ಸ್ಕಿ 1967ರಲ್ಲಿ ನಿರೂಪಣೆಯ ಘಟಕಗಳನ್ನು ಗುರುತಿಸಿದಾಗಲೂ, ‘ಇದನ್ನು ಯಾಕೆ ಹೇಳುತ್ತಿದ್ದೀಯ’ ಎಂಬ ಕೇಳುಗನ ಅನುಕ್ತ ಪ್ರಶ್ನೆಗೆ ಉತ್ತರವಾಗುವ ಮೌಲ್ಯನಿರ್ಣಯದ ಅಂಶಕ್ಕೆ ವಿಶೇಷ ಸ್ಥಾನವಿತ್ತು. ಆಟದಲ್ಲಿ ಆ ಅಂಶವು ಕಥೆಯ ಭಾವವರ್ಗಕ್ಕೆ ಇಳಿದುಬಿಟ್ಟಿದೆ: ಬೇಡಿದ ವರ್ಗಕ್ಕೆ ಹೊಂದಿತೋ ಇಲ್ಲವೋ.

ಆಟವನ್ನು ಹೀಗೆ ದೂರುವ ಮೊದಲು ನನ್ನ ಕಡತಗಳನ್ನು ತೆರೆದು ನೋಡಿದೆ. ಸಂಶೋಧನೆಯ ಮೊದಲ ವರ್ಷಗಳಲ್ಲಿ ಮಾಡಿದ ಲಿಪ್ಯಂತರಗಳಲ್ಲಿ ಕೇಳುಗರ ‘ಹೂಂ’ಗಳನ್ನೆಲ್ಲ ನಾನು ತೆಗೆದುಹಾಕಿದ್ದೆ. ನಮ್ಮಲ್ಲಿ ‘ಹೂಂ’ಗುಟ್ಟುವವರಿಲ್ಲದೆ ಕಥೆ ಮುಂದೆ ಸಾಗುವುದಿಲ್ಲವೆಂಬುದು ಮಕ್ಕಳಿಗೂ ಗೊತ್ತು. ಆ ಒಂದು ಅಕ್ಷರ ಕಥೆಯ ವಾಕ್ಯಗಳನ್ನು ಅಳೆದುಕೊಡುತ್ತದೆ, ನಿದ್ದೆ ಹೋದವನನ್ನು ಬಯಲು ಮಾಡುತ್ತದೆ, ಹೇಳುವವಳಿಗೆ ವಿಸ್ತರಿಸಲು ಅಥವಾ ಮೊಟಕುಗೊಳಿಸಲು ಸೂಚನೆ ಕೊಡುತ್ತದೆ. ನಾನು ಅದನ್ನು ಧ್ವನಿಮುದ್ರಣದ ಗದ್ದಲವೆಂದು ಬಗೆದಿದ್ದೆ. ಉಳಿದದ್ದು, ನಿಜ ಹೇಳಬೇಕೆಂದರೆ, ಈ ಆಟದ ಪಟ್ಟಿಯಂಥದೇ ಒಂದು ಪಟ್ಟಿ.

ಅದೇ ಕಡತಗಳಲ್ಲಿ ಇನ್ನೂ ಒಂದು ಅಳಿಸುವಿಕೆ ಕಂಡಿತು, ಅದು ಆಟದ ಮುಖ್ಯ ಕಲ್ಪನೆಗೆ ನೇರವಾಗಿ ಸಂಬಂಧಿಸಿದೆ. ಕನ್ನಡದ ಮೌಖಿಕ ಕಥೆ ‘ಇದ್ದನಂತೆ’ ಎಂದು ತೊಡಗುತ್ತದೆ. ಅಚ್ಚಿಗೆ ಬರುವಾಗ ಹಲವೆಡೆ ‘ಇದ್ದನು’ ಆಗುತ್ತದೆ. ‘ಅಂತೆ’ಯನ್ನು ಕೈಬಿಡುವುದು ಶೈಲಿಯ ಮಾತಲ್ಲ. ‘ನಾನು ಕಂಡದ್ದಲ್ಲ, ಕೇಳಿದ್ದು’ ಎಂಬ ಜ್ಞಾನಮೂಲವನ್ನು ಅದು ಸೂಚಿಸುತ್ತದೆ. ಕನ್ನಡದಲ್ಲಿ ಇದು ಪ್ರತಿ ವಾಕ್ಯಕ್ಕೂ ಕಡ್ಡಾಯವಲ್ಲವಾದ್ದರಿಂದ, ಐಖೆನ್‌ವಾಲ್ಡ್ 2004ರ ಗ್ರಂಥದಲ್ಲಿ ವಿವರಿಸುವ ಕಡ್ಡಾಯ ಆಧಾರಸೂಚಕ ವ್ಯವಸ್ಥೆಗಳ ಸಾಲಿಗೆ ಅದನ್ನು ಸರಳವಾಗಿ ಸೇರಿಸಲಾಗದು. ಆದರೆ ಕಡ್ಡಾಯವಲ್ಲದ್ದರಿಂದಲೇ ಕಥೆಗಾರ್ತಿ ಅದನ್ನು ಎಲ್ಲಿ ಬಳಸುತ್ತಾಳೆ, ಎಲ್ಲಿ ಬಿಡುತ್ತಾಳೆ ಎಂಬುದು ಅರ್ಥಪೂರ್ಣವಾಗುತ್ತದೆ. ಆರಂಭದಲ್ಲಿ ಒತ್ತೊತ್ತಾಗಿ ಬರುವ ‘ಅಂತೆ’ ಕಥೆ ಬಿಸಿಯೇರಿದಾಗ ಮರೆಯಾಗಿ, ಅಂತ್ಯದಲ್ಲಿ ಮರಳುವುದನ್ನು ನನ್ನ ಧ್ವನಿಮುದ್ರಣಗಳಲ್ಲಿ ಈಗ ಕೇಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇಂಥ ವ್ಯಾಕರಣರೂಪವಿಲ್ಲ. ಆಟವು ಆ ಕೆಲಸವನ್ನು ಭೂಗೋಳಕ್ಕೆ ವಹಿಸಿದೆ: ಮೊದಲು ಕಣ್ಣಾರೆ ಕಂಡ ಪ್ರಸಂಗ, ಆಮೇಲೆ ದೂರದ ರಾಜ್ಯದಲ್ಲಿ ಕಿವಿಗೆ ಬಿದ್ದ ಅದರ ಉಬ್ಬಿದ ರೂಪ. ಕಂಡವನೇ ಕೇಳುಗನಾಗುವ ಈ ತಿರುವು ಕನ್ನಡ ಓದುಗನಿಗೆ ‘ಇದ್ದ’ನಿಂದ ‘ಇದ್ದನಂತೆ’ಗೆ ದಾಟಿದಂತೆ ಕೇಳಿಸುತ್ತದೆ. ಆಟದ ವಿನ್ಯಾಸದಲ್ಲಿ ಇದಕ್ಕಿಂತ ಸೂಕ್ಷ್ಮವಾದುದು ನನಗೆ ಕಾಣಲಿಲ್ಲ.

ಉಪಭಾಷೆಯ ಬಗೆಗೆ ಒಂದೆರಡು ಮಾತು. ಹದಿನಾರು ಪಾತ್ರಗಳನ್ನು ಬೇರೆ ಬೇರೆ ಲೇಖಕರಿಂದ ಬರೆಸಿ, ನಟರ ಧ್ವನಿ ಕೊಡಿಸಿರುವುದರಿಂದ ಗಣಿಕಾರ್ಮಿಕ, ಬೋಧಕ, ಪುಲ್‌ಮನ್ ರೈಲುಬೋಗಿಯ ಸೇವಕ ಇವರೆಲ್ಲ ಒಂದೇ ಬಾಯಿಯವರೆನಿಸುವುದಿಲ್ಲ. ಆಟ ಬಿಂಬಿಸುವ ದಶಕದಲ್ಲಿಯೇ, 1936ರಿಂದ 1938ರ ನಡುವೆ, ಅಮೆರಿಕದ ಸರ್ಕಾರದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಹಿಂದೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ಜನರ ನೆನಪುಗಳನ್ನು ಬರೆದುಕೊಂಡಿತು. ಬರೆದುಕೊಂಡವರಲ್ಲಿ ಬಹುಪಾಲು ಬಿಳಿಯರು. ಉಚ್ಚಾರಣೆಯನ್ನು ವಿಕೃತ ಕಾಗುಣಿತದಲ್ಲಿ ಹಿಡಿಯುವ ಅವರ ಉತ್ಸಾಹವನ್ನು ಕಂಡು, ಕವಿ ಸ್ಟರ್ಲಿಂಗ್ ಬ್ರೌನ್ ಉಚ್ಚಾರಣೆಯ ನಿಷ್ಠೆಗಿಂತ ನುಡಿಗಟ್ಟಿನ ನಿಷ್ಠೆ ಮುಖ್ಯವೆಂದು ಸೂಚನೆ ಬರೆಯಬೇಕಾಯಿತು. ಆ ದಾಖಲೆಗಳನ್ನು ಭಾಷೆಯ ಸಾಕ್ಷ್ಯವೆಂದು ಎಷ್ಟರ ಮಟ್ಟಿಗೆ ನೆಚ್ಚಬಹುದೆಂಬ ಚರ್ಚೆಯಲ್ಲಿ ಭಾಷಾವಿಜ್ಞಾನಿಗಳು ಇಂದಿಗೂ ಎಚ್ಚರದಿಂದಲೇ ಹೆಜ್ಜೆಯಿಡುತ್ತಾರೆ. ಯಾರ ಮುಂದೆ, ಯಾವ ಭಯದಲ್ಲಿ ಮಾತು ಹೊರಟಿತು ಎಂಬುದು ಮಾತಿನ ರೂಪವನ್ನೇ ಬದಲಿಸುತ್ತದೆ. ಆಟದ ಅಸ್ಥಿಪಂಜರಕ್ಕೆ ಬಣ್ಣವಿಲ್ಲ, ಊರಿಲ್ಲ, ಉಚ್ಚಾರಣೆಯಿಲ್ಲ. ಎಲ್ಲರೂ ಅದರೊಡನೆ ಸಮವಾಗಿ ಮಾತಾಡುವರೆಂಬುದು ಅನುಕೂಲಕರ ಕಲ್ಪನೆ. ಕ್ಷೇತ್ರಕಾರ್ಯ ಮಾಡಿದ ಯಾರೂ ನಂಬಲಾರರು.

ಆದರೂ ಒಂದು ವಿಷಯದಲ್ಲಿ ಈ ಆಟ ನಮ್ಮ ಅನೇಕ ಯೋಜನೆಗಳಿಗಿಂತ ನ್ಯಾಯವಾದುದು. ಬೆಂಕಿಯ ಪಕ್ಕದವರು ತಮ್ಮ ಬದುಕನ್ನು ಪುಕ್ಕಟೆಯಾಗಿ ಹೇಳುವುದಿಲ್ಲ. ಮೊದಲು ನೀನು ಕೊಡು, ಆಮೇಲೆ ನಾನು. ಕೊಟ್ಟದ್ದು ಹಿಡಿಸದಿದ್ದರೆ ಅವರು ಬಾಯಿ ತೆರೆಯುವುದಿಲ್ಲ. ಹೀಗೆ ಪಡೆದ ಬದುಕಿನ ಕಥೆಗಳನ್ನು ಆಟಗಾರನು ಮತ್ತೊಬ್ಬರ ಮುಂದೆ ಹಂಚುವಂತೆಯೂ ಇಲ್ಲ. ತಿರುಗುವುದು ದಾರಿಯಲ್ಲಿ ಸಿಕ್ಕ ಕಥೆಗಳು ಮಾತ್ರ. ಸಾರ್ವಜನಿಕ ಕಥೆಗೂ ಸ್ವಂತದ ಕಥೆಗೂ ನಡುವೆ ಆಟವು ಎಳೆದ ಈ ಗೆರೆಯನ್ನು ನಮ್ಮ ಒಪ್ಪಿಗೆಪತ್ರಗಳು ಇಷ್ಟು ಸ್ಪಷ್ಟವಾಗಿ ಎಳೆಯುವುದಿಲ್ಲ.

ಆದರೆ ದಾರಿಯಲ್ಲಿ ಸಿಕ್ಕ ಕಥೆಗಳೂ ಯಾರವೂ ಅಲ್ಲವೆಂದು ಹೇಗೆ ಹೇಳುವುದು? ಆಟದಲ್ಲಿ ಯಾವ ಕಥೆಯನ್ನು ಯಾವ ರಾತ್ರಿಯಲ್ಲಾದರೂ, ಯಾರಿಗಾದರೂ ಹೇಳಬಹುದು. ಹದಿನಾರು ಜನರಲ್ಲಿ ನವಾಹೊ ಮಹಿಳೆಯೊಬ್ಬಳೂ ಇದ್ದಾಳೆ. ನವಾಹೊ ಸಂಪ್ರದಾಯದಲ್ಲಿ ಕೊಯೋಟಿಯ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕು. ಜಾನಪದ ವಿದ್ವಾಂಸ ಬ್ಯಾರೆ ಟೋಲ್ಕನ್ ಯೆಲ್ಲೊಮನ್ ಎಂಬ ನವಾಹೊ ಕಥೆಗಾರರಿಂದ ಇಂಥ ಕಥೆಗಳನ್ನು ದಶಕಗಳ ಕಾಲ ಕೇಳಿ ಧ್ವನಿಮುದ್ರಿಸಿಕೊಂಡಿದ್ದರು. ಯೆಲ್ಲೊಮನ್ ತೀರಿಕೊಂಡ ಬಳಿಕ, ಆ ಧ್ವನಿ ಬೇಸಗೆಯಲ್ಲಿ ಯಾರದೋ ಕಿವಿಗೆ ಬಿದ್ದರೆ ಏನಾದೀತೆಂಬ ಪ್ರಶ್ನೆ ಎದ್ದಿತು. ಟೋಲ್ಕನ್ ಸುರುಳಿಗಳನ್ನು ಕಥೆಗಾರರ ಪತ್ನಿಗೆ ಹಿಂದಿರುಗಿಸಿದರು, ಅವು ನಾಶವಾಗಬಹುದೆಂದು ತಿಳಿದೇ. 1998ರಲ್ಲಿ ‘ಜರ್ನಲ್ ಆಫ್ ಅಮೆರಿಕನ್ ಫೋಕ್‌ಲೋರ್’ ಪತ್ರಿಕೆಯಲ್ಲಿ ಅದರ ಬಗೆಗೆ ಬರೆದರು. ಆ ಲೇಖನವನ್ನು ನಾನು ಸಂಶೋಧನಾ ವಿದ್ಯಾರ್ಥಿಗಳೊಡನೆ ಓದಿದಾಗಲೆಲ್ಲ ಕೋಣೆ ಎರಡಾಗಿ ಒಡೆಯುತ್ತದೆ.

ಒಡೆಯುವುದು ಸಹಜ. ನಮ್ಮ ಬಳಿಯೇ ಇರುವ ಕಥೆಯೊಂದು ಎದುರು ದಿಕ್ಕಿಗೆ ಎಳೆಯುತ್ತದೆ. ಎ. ಕೆ. ರಾಮಾನುಜನ್ ತಮ್ಮ ಜನಪದ ಕಥಾಸಂಗ್ರಹದಲ್ಲಿ ಕೊಟ್ಟಿರುವ ಕನ್ನಡದ ಕಥೆಯಲ್ಲಿ ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಅವು ತಪ್ಪಿಸಿಕೊಂಡು, ಕಥೆ ಜೋಡುಗಳಾಗಿಯೂ ಹಾಡು ಗಂಡಸಿನ ಅಂಗಿಯಾಗಿಯೂ ಕಾಣಿಸಿಕೊಂಡು ಗಂಡನ ಅನುಮಾನಕ್ಕೆ ಕಾರಣವಾದವು. ಮುನಿಸಿಕೊಂಡು ಹೋಗಿ ಗುಡಿಯಲ್ಲಿ ಮಲಗಿದ ಗಂಡನಿಗೆ, ರಾತ್ರಿ ಅಲ್ಲಿ ಸೇರಿದ ಊರ ದೀಪಗಳ ಹರಟೆಯಿಂದ ನಿಜ ತಿಳಿಯಿತು. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಅವುಗಳ ಬಗ್ಗೆ ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.

ಆಟದ ಪಟ್ಟಿಯಲ್ಲಿ ಒಮ್ಮೆ ಸೇರಿದ ಕಥೆ ಮರೆತುಹೋಗುವುದಿಲ್ಲ. ತೋಳ ಅದನ್ನೂ ಸಾಲದ ಲೆಕ್ಕದಲ್ಲಿ ಇಟ್ಟುಕೊಂಡಿದ್ದರೆ ಆಟ ಇನ್ನಷ್ಟು ಕಠಿಣವಾಗುತ್ತಿತ್ತು. ನನಗೆ ಇನ್ನಷ್ಟು ಇಷ್ಟವಾಗುತ್ತಿತ್ತು.