‘ಫೆಂಗ್‌ಷೆನ್ ಯೆನ್‌ಯಿ’: ಚೀನದ ಪುರಾಣಕಥೆಯೂ ಜಪಾನಿನ ಚಿತ್ರಾವತಾರಗಳೂ

ಷಾಂಗ್ ವಂಶದ ಕಡೆಯ ಅರಸನಾದ ಝೌ ಎಂಬುವನು ನ್ಯೂವಾ ದೇವಿಯ ಜನ್ಮೋತ್ಸವದ ದಿನ ಅವಳ ಗುಡಿಗೆ ಹೋದನು. ವಿಗ್ರಹದ ಚೆಲುವಿಗೆ ಮರುಳಾಗಿ ಗೋಡೆಯ ಮೇಲೆ ಒಂದು ಶೃಂಗಾರಪದ್ಯವನ್ನು ಬರೆದನು. ದೇವಿಯು ಮುನಿದು ಅವನನ್ನು ದಂಡಿಸಲು ಹೊರಟಳು. ಆದರೆ ಅವನ ಆಳಿಕೆಗೆ ಇನ್ನೂ 28 ವರ್ಷಗಳ ಭಾಗ್ಯವು ಉಳಿದಿರುವುದನ್ನು ಕಂಡು ಹಿಂತಿರುಗಿದಳು. ಮೂವರು ಮಾಯಾವಿನಿಯರನ್ನು ಬರಮಾಡಿ, ಅವನ ಬುದ್ಧಿಯನ್ನು ಕೆಡಿಸಿ ರಾಜ್ಯವನ್ನು ಮುಳುಗಿಸಿರೆಂದು ಅಪ್ಪಣೆಯಿತ್ತಳು. ಅವರಲ್ಲಿ ಹಿರಿಯಳಾದ ಸಾವಿರ ವರ್ಷದ ನರಿಯು ದಾಜಿ ಎಂಬ ಕನ್ಯೆಯ ದೇಹವನ್ನು ಹೊಕ್ಕು ಅರಸನ ಪ್ರಿಯರಾಣಿಯಾಯಿತು. ಹದಿನಾರನೆಯ ಶತಮಾನದಲ್ಲಿ, ಮಿಂಗ್ ಅರಸರ ಕಾಲದಲ್ಲಿ ರಚಿತವಾದ ‘ಫೆಂಗ್‌ಷೆನ್ ಯೆನ್‌ಯಿ’ ಎಂಬ 100 ಅಧ್ಯಾಯಗಳ ಗ್ರಂಥವು ಹೀಗೆ ಮೊದಲಾಗುತ್ತದೆ. ಕರ್ತೃವು ಷೂ ಝೋಂಗ್‌ಲಿನ್ ಎಂದು ಕೆಲವರೂ ಲೂ ಷಿಷಿಂಗ್ ಎಂದು ಕೆಲವರೂ ಹೇಳುವರು.

ಕಥೆಯ ಮುಕ್ತಾಯದಲ್ಲಿ ನಡೆಯುವುದೇನು? ರಾಜ್ಯವು ಮುಳುಗಿದ ಮೇಲೆ ಓಡಿಹೋಗುತ್ತಿದ್ದ ಆ ಮಾಯಾವಿನಿಯರನ್ನು ನ್ಯೂವಾ ದೇವಿಯೇ ತಡೆದು ಕಟ್ಟಿಹಾಕಿ ಶತ್ರುಗಳ ಕೈಗೊಪ್ಪಿಸುತ್ತಾಳೆ. ಜೀವಹಿಂಸೆ ಕೂಡದೆಂಬ ವಿಧಿಯನ್ನು ಅವರು ಮೀರಿದರೆಂಬುದು ಅವಳ ವಾದ. ಅದು ನಿಜವೇ. ಆದರೂ ರಾಜ್ಯವನ್ನು ಕೆಡಿಸಿ, ಆದರೆ ಯಾರನ್ನೂ ನೋಯಿಸಬೇಡಿ ಎಂದು ನರಿಗೆ ಹೇಳಿ ಕಳುಹಿಸಿದವಳ ಪಾಲಿಗೆ ಯಾವ ದೋಷವೂ ಇಲ್ಲವೆ? ಮೂಲಗ್ರಂಥವು ಈ ಪ್ರಶ್ನೆಯ ಬಳಿಗೆ ಬಂದು, ತಲೆ ಬಾಗಿಸಿ, ಮುಂದೆ ಸಾಗುತ್ತದೆ.

ಜಪಾನಿನ ಚಿತ್ರಕಥೆಗಾರ ಫುಜಿಸಾಕಿ ರ್ಯೂ ಹಿಡಿದುಕೊಂಡದ್ದು ಇದೇ ಎಳೆಯನ್ನು. ಅವನ ‘ಹೋಷಿನ್ ಎಂಗಿ’ಯು ‘ಷೋನೆನ್ ಜಂಪ್’ ವಾರಪತ್ರಿಕೆಯಲ್ಲಿ 1996ರಿಂದ 2000ದ ವರೆಗೆ ಪ್ರಕಟವಾಗಿ 23 ಸಂಪುಟಗಳಾಯಿತು. ಜಪಾನೀಯರು ‘ಮಾಂಗಾ’ ಎಂದು ಕರೆಯುವ ಈ ಪ್ರಕಾರವನ್ನು ಮಕ್ಕಳ ಆಟಿಕೆಯೆಂದು ತಳ್ಳಿಹಾಕುವ ವಾಚಕರೂ ಈ ಒಂದು ಕೃತಿಯ ಮುಂದೆ ತುಸು ನಿಲ್ಲಬೇಕಾದೀತು. ಅವನು ನೇರವಾಗಿ ಚೀನೀ ಮೂಲದಿಂದ ಹೊರಟವನಲ್ಲ. 1980ರ ದಶಕದ ಕೊನೆಯಲ್ಲಿ ಆನೋ ತ್ಸುತೋಮು ಎಂಬ ಲೇಖಕನು ಸಾಕಷ್ಟು ಸ್ವಾತಂತ್ರ್ಯ ವಹಿಸಿ ಮಾಡಿದ ಜಪಾನೀ ಅನುವಾದವೇ ಅವನ ಆಧಾರ. ಆದುದರಿಂದ ಮೂಲನಿಷ್ಠೆಯೆಂಬ ಅಳತೆಗೋಲನ್ನು ಇಲ್ಲಿ ಹಿಡಿಯುವುದು ವ್ಯರ್ಥ.

ಮೂಲದ ನಾಯಕ ಜಿಯಾಂಗ್ ಝಿಯಾ 72 ವರ್ಷದ ವೃದ್ಧ. ಕುನ್‌ಲುನ್ ಪರ್ವತದಲ್ಲಿ 40 ವರ್ಷ ತಪಸ್ಸು ಮಾಡಿಯೂ ಸಿದ್ಧಿ ಪಡೆಯದೆ, ಗುರುವಿನ ಅಪ್ಪಣೆಯಂತೆ ಬೆಟ್ಟವಿಳಿದು ಬರುತ್ತಾನೆ. ಯುದ್ಧದಲ್ಲಿ ಮಡಿಯುವವರ ಆತ್ಮಗಳನ್ನು 365 ದೇವಪದವಿಗಳಲ್ಲಿ ನಿಲ್ಲಿಸುವ ಕೆಲಸ ಅವನದು. ಯಾರು ಸಾಯಬೇಕೆಂಬ ಪಟ್ಟಿಯು ಯುದ್ಧಕ್ಕೆ ಮೊದಲೇ ಸಿದ್ಧವಾಗಿದೆ! ಕೊಂದವನಿಗೂ ಸತ್ತವನಿಗೂ ವೈರವಿಲ್ಲ. ಎಲ್ಲರೂ ಲೆಕ್ಕದ ಪುಸ್ತಕದ ಸಾಲುಗಳು. ಪಾಪಿಯಾದ ಝೌ ಅರಸನು ಕೂಡ ಕೊನೆಗೆ ಮಂಗಳಕರವಾದ ಒಂದು ನಕ್ಷತ್ರದ ಅಧಿಪತಿಯಾಗುತ್ತಾನೆಂಬುದನ್ನು ಓದುವಾಗ ನಗು ಬಾರದಿರದು. ಈ ಸಮಾಧಾನದಲ್ಲಿ ಒಂದು ಗಾಂಭೀರ್ಯವಿದೆ, ಒಂದು ಕ್ರೌರ್ಯವೂ ಇದೆ.

ಫುಜಿಸಾಕಿಯ ತಾಯ್‌ಕೋಬೋ ನೋಟಕ್ಕೆ ತರುಣ, ಸೋಮಾರಿ, ಹಾಸ್ಯಗಾರ. ಆದರೆ ಬಾಲ್ಯದಲ್ಲಿ ತನ್ನ ಕುಲವನ್ನೇ ದಾಸರ ಬೇಟೆಗೆ ಕಳೆದುಕೊಂಡವನು. ಪಟ್ಟಿಯು ಕೈಗೆ ಬಂದಾಗ ಅವನು ಕೇಳುವುದು, ಇದನ್ನು ಬರೆದವರು ಯಾರು ಎಂದು. ಈ ಒಂದು ಬದಲಾವಣೆಯಿಂದ ಕಥೆಯ ಶಿಲ್ಪವೆಲ್ಲ ಬೇರೆಯಾಗುತ್ತದೆ. ಲೋಕದ ಚರಿತ್ರೆಯನ್ನು ತನ್ನ ಇಚ್ಛೆಯಂತೆ ನಡೆಸುತ್ತಿರುವ ಪರಲೋಕದ ಶಕ್ತಿಯಾಗಿ ನ್ಯೂವಾ ದೇವಿಯು ಅಂತ್ಯದಲ್ಲಿ ಹೊರಬರುತ್ತಾಳೆ. ಇದು ಹೊರಗಿನಿಂದ ತಂದು ಅಂಟಿಸಿದ ಕಲ್ಪನೆಯೆಂದು ಆಕ್ಷೇಪಿಸುವವರು ಗುಡಿಯ ಗೋಡೆಯ ಪದ್ಯವನ್ನೂ, ಕಟ್ಟಿ ಒಪ್ಪಿಸಿದ ನರಿಯನ್ನೂ ಮತ್ತೊಮ್ಮೆ ನೆನೆಯಬೇಕು. ಅನ್ಯಗ್ರಹಗಳ ವಿವರಣೆಯು ಕಡೆಯ ಸಂಪುಟಗಳನ್ನು ಭಾರವಾಗಿಸಿರುವುದು ಮಾತ್ರ ನಿಜ. ಅಲ್ಲಿ ಅದ್ಭುತವು ಯಂತ್ರಶಾಸ್ತ್ರವಾಗಿಬಿಡುತ್ತದೆ.

ದಾಜಿಯ ಚಿತ್ರಣದಲ್ಲಿ ಅವನ ಕೈ ಇನ್ನೂ ಬಲವಾದುದು. ಬೋ ಯಿಕಾವೋ ಎಂಬ ರಾಜಕುಮಾರನನ್ನು ಕೊಂದು, ಅವನ ಮಾಂಸವನ್ನು ಸೆರೆಯಲ್ಲಿರುವ ತಂದೆಗೆ ಉಣಬಡಿಸುವ ಘೋರಪ್ರಸಂಗವು ಮೂಲದಲ್ಲಿರುವುದೇ. ಚಿತ್ರಕಥೆಯಲ್ಲಿ ಅವಳು ನಲಿಯುತ್ತ, ಮುದ್ದುಮಾತಾಡುತ್ತ ಆ ಕೆಲಸವನ್ನು ನಡೆಸುತ್ತಾಳೆ. ಗರ್ಜಿಸುವ ರಾಕ್ಷಸಿಗಿಂತ ಈ ನಗೆಯೇ ಭಯಂಕರ.

ನೆಝಾನ ವಿಷಯದಲ್ಲಿ ಭಾರತೀಯ ವಾಚಕರಿಗೊಂದು ಆಶ್ಚರ್ಯವಿದೆ. ಆ ಹೆಸರು ಕುಬೇರನ ಮಗನಾದ ನಲಕೂಬರನ ಹೆಸರಿನ ಚೀನೀ ರೂಪವು ಸವೆದು ಉಳಿದ ತುಣುಕೆಂದು ವಿದ್ವಾಂಸರ ಮತ. ಬೌದ್ಧಗ್ರಂಥಗಳೊಡನೆ ಚೀನಕ್ಕೆ ಹೋದ ಅವನು ಜಪಾನೀ ಚಿತ್ರಕಥೆಯಲ್ಲಿ ‘ನತಾಕು’ ಆಗಿದ್ದಾನೆ. ಮೂಲದಲ್ಲಿ ಅವನು ತನ್ನ ಮಾಂಸವನ್ನೂ ಎಲುಬನ್ನೂ ತಾಯಿತಂದೆಗಳಿಗೆ ಹಿಂದಿರುಗಿಸಿ, ಕಮಲದಿಂದ ಮರುಜನ್ಮ ಪಡೆದು, ತಂದೆಯನ್ನು ಕೊಲ್ಲಲು ಬೆನ್ನಟ್ಟುತ್ತಾನೆ. ಋಷಿಯೊಬ್ಬನು ತಂದೆಯ ಕೈಗೆ ಗೋಪುರವೊಂದನ್ನು ಕೊಟ್ಟು ಮಗನನ್ನು ಅದರಲ್ಲಿ ಬಂಧಿಸಿ ಸುಡುವವರೆಗೆ ಅವನು ಶರಣಾಗುವುದಿಲ್ಲ. ಪಿತೃಭಕ್ತಿಯನ್ನು ಪರಮಧರ್ಮವೆಂದು ತಿಳಿದ ಸಮಾಜವು ತನ್ನ ಅತ್ಯಂತ ಪ್ರಿಯನಾದ ಬಾಲದೇವತೆಗೆ ಈ ಕಥೆಯನ್ನು ಕಟ್ಟಿಕೊಟ್ಟಿತಲ್ಲ!

ಇನ್ನು ಚಲಚ್ಚಿತ್ರಗಳು. 1999ರ 26 ಕಂತುಗಳ ‘ಸೆಂಕಾಯ್‌ದೆನ್ ಹೋಷಿನ್ ಎಂಗಿ’ಯು, ಚಿತ್ರಕಥೆಯು ಇನ್ನೂ ಮುಗಿಯದಿದ್ದಾಗಲೇ ಹೊರಟು, ತನ್ನದೇ ದಾರಿಯಲ್ಲಿ ಕೊನೆ ಮುಟ್ಟಿತು. ಅದಕ್ಕೆ ಆ ನೆಪವಾದರೂ ಇದೆ. 2018ರ ‘ಹಕ್ಯೂ ಹೋಷಿನ್ ಎಂಗಿ’ಗೆ ಪೂರ್ಣ ಕಥೆಯೇ ಕೈಯಲ್ಲಿತ್ತು, ಆದರೆ 23 ಸಂಪುಟಗಳನ್ನು 23 ಕಂತುಗಳಲ್ಲಿ ತುಂಬಿತು. ರಾಜನಿಷ್ಠನಾದ ವೆನ್ ಝೋಂಗ್, ರಾಜನನ್ನು ತೊರೆದ ಅವನ ಹಳೆಯ ಗೆಳೆಯ ಹ್ವಾಂಗ್ ಫೇಹೂ, ಇವರಿಬ್ಬರ ಪ್ರಕರಣವನ್ನೇ ನೋಡಬಹುದು. ಚಿತ್ರಕಥೆಯಲ್ಲಿ ಗೆಳೆಯನ ಮನಸ್ಸನ್ನು ತಿರುಗಿಸಲು ಬಂದ ಫೇಹೂ ಅವನ ಕಣ್ಣೆದುರಿಗೇ ಮಡಿಯುವಾಗ, ಹಿಂದಿನ ಎಷ್ಟೋ ಪುಟಗಳ ಸ್ನೇಹವು ಅಲ್ಲಿಗೆ ಬಂದು ಕೂಡುತ್ತದೆ. ಚಲಚ್ಚಿತ್ರದಲ್ಲಿ ಆ ಸ್ನೇಹವು ಬೇರೂರುವುದಕ್ಕೆ ಹೊತ್ತೇ ಇಲ್ಲ. ಬಣ್ಣ, ಸಂಗೀತ, ವೇಗ ಎಲ್ಲವೂ ಇದ್ದು ಮರಣವೊಂದು ಕೇವಲ ಸುದ್ದಿಯಾಗುತ್ತದೆ. ವಿಧಿಯ ಪಟ್ಟಿಯನ್ನು ಹರಿದುಹಾಕಲು ಹೊರಟ ಕಥೆಯಲ್ಲಿ, ಮಡಿದವರು ಮತ್ತೆ ಪಟ್ಟಿಯ ಹೆಸರುಗಳಾಗಿಯೇ ಉಳಿದುಬಿಟ್ಟರು.