ಗಳಗನಾಥರ ‘ಕನ್ನಡಿಗರ ಕರ್ಮಕಥೆ’: ನಮ್ಮವರು ಮತ್ತು ಅನ್ಯರು

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಕ್ಷೇತ್ರವು ಗಳಗೇಶ್ವರ ದೇವಾಲಯದಿಂದ ಪ್ರಸಿದ್ಧವಾದಂತೆಯೇ ಒಬ್ಬ ಗ್ರಂಥಕರ್ತರಿಂದಲೂ ಪ್ರಸಿದ್ಧವಾಗಿದೆ. ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಈ ಊರಿನ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಧರಿಸಿದರು. ಕನ್ನಡ ಪುಸ್ತಕವನ್ನು ಕೊಳ್ಳುವವರೇ ವಿರಳವಾಗಿದ್ದ ಕಾಲದಲ್ಲಿ ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಆ ಮಹನೀಯರ ಋಣವು ನಮ್ಮ ನಾಡಿನ ಮೇಲೆ ಬಹಳವಿದೆ. ಋಣವನ್ನು ನೆನೆಯುತ್ತಲೇ ಅವರ ಒಂದು ಕೃತಿಯನ್ನು ಪುನಃ ವಿವೇಚಿಸಿ ನೋಡುವುದು ಅಪಚಾರವಾಗಲಾರದು.

ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ವನ್ನು ಆಧರಿಸಿದ ‘ಕನ್ನಡಿಗರ ಕರ್ಮಕಥೆ’ಯ ವಸ್ತು 1565ರಲ್ಲಿ ವಿಜಯನಗರಕ್ಕೊದಗಿದ ಪತನ. ಇದನ್ನು ಓದಿದ ತರುಣನ ಕಣ್ಣು ತೇವವಾಗುತ್ತದೆ, ಮುಷ್ಟಿ ಬಿಗಿಯುತ್ತದೆ. ಯುದ್ಧವಾಗಿ ನಾಲ್ಕೂವರೆ ಶತಮಾನಗಳು ಕಳೆದಿವೆ. ಓದುವವನು ಏನನ್ನೂ ಕಳೆದುಕೊಂಡಿಲ್ಲ; ಅವನ ನೆರೆಯವನು ಏನನ್ನೂ ಕಸಿದುಕೊಂಡಿಲ್ಲ. ಆದರೂ ಸಿಟ್ಟು ಬರುತ್ತದೆ, ಮತ್ತು ಅದು ಸಾವಿರದ ಐನೂರರ ಸುಲ್ತಾನರಲ್ಲಿಗೆ ಹೋಗದೆ ಇಂದಿನ ನೆರೆಯವನ ಬಾಗಿಲಿಗೆ ಬಂದು ನಿಲ್ಲುತ್ತದೆ. ಇದು ಹೇಗೆ?

‘ನಾವು’ ಎಂಬ ಒಂದು ಶಬ್ದದಿಂದ. ಯಾವ ಗುಂಪನ್ನು ನಮ್ಮದೆಂದು ಒಪ್ಪಿಕೊಳ್ಳುತ್ತೇವೆಯೋ ಅದರ ದುಃಖ, ಭಯ, ಅಭಿಮಾನಗಳು ನಮ್ಮವೇ ಆಗಿಬಿಡುತ್ತವೆ. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಶಾಲಾ ಬಾಲಕರನ್ನು ಅತ್ಯಲ್ಪ ಕಾರಣ ಹೇಳಿ ಎರಡು ಗುಂಪು ಮಾಡಿದರು. ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಮೆಚ್ಚಿಕೆಯಾಯಿತೆಂಬುದು ಅಂಥದೊಂದು ಕಾರಣ. ನಿಜವಾಗಿ ವಿಂಗಡಣೆ ಚೀಟಿ ಎತ್ತಿದಂತೆ ನಡೆದಿತ್ತು. ಗುಂಪಿನಲ್ಲಿ ಯಾರಿದ್ದಾರೆಂಬುದು ಬಾಲಕರಿಗೆ ತಿಳಿಯದು. ಹಣ ಹಂಚಿದರೆ ತಮಗೇನೂ ಲಾಭವಿಲ್ಲ. ಆದರೂ ಅವರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ತಮ್ಮವರಿಗೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಎದುರಿನವರಿಗಿಂತ ಅಂತರ ದೊಡ್ಡದಿರಲಿ ಎಂಬುದೂ ಅವರ ಹಂಚಿಕೆಯಲ್ಲಿ ಕಂಡಿತು. ಈ ಪ್ರಯೋಗ ಮಾಡಿದ ತಾಜ್‌ಫೆಲ್‌ರು ನಾಜಿಗಳ ಹತ್ಯಾಕಾಂಡದಲ್ಲಿ ತಮ್ಮ ಕುಟುಂಬವನ್ನು ಕಳೆದುಕೊಂಡ ಯೆಹೂದಿ. ಅಷ್ಟು ಘೋರವಾದುದರ ಬೀಜವು ಅಷ್ಟು ಚಿಕ್ಕದಿರಬಲ್ಲದೆಂಬುದನ್ನು ಅವರು ಕಂಡರು.

ಈಗ ಕಾದಂಬರಿಗೆ ಮರಳೋಣ. ಅದರ ಕೇಂದ್ರದಲ್ಲಿರುವುದು ಧರ್ಮಯುದ್ಧವಲ್ಲ, ಒಂದು ಮನೆತನದ ಅನ್ಯಾಯ. ರಾಮರಾಜನು ಪ್ರೀತಿಸಿದ ಮೆಹರ್ಜಾನಳನ್ನು ರಾಜ್ಯದ ಆಸೆಗಾಗಿ ಕೈಬಿಡುತ್ತಾನೆ. ಅವಳ ಮಗ ರಣಮಸ್ತಖಾನನು ವಿಜಾಪುರದವನಾಗಿ ಬೆಳೆದು, ತನ್ನ ತಂದೆ ಯಾರೆಂದು ಅರಿಯದೆಯೇ ತಂದೆಗೆ ವೈರಿಯಾಗುತ್ತಾನೆ. ಆ ಮಗನ ದ್ವೇಷವು ಅವನದೋ, ಅವನು ಬೆಳೆದ ಪಾಳೆಯದ್ದೋ? ಅವನೇ ಹಂಪೆಯ ಅರಮನೆಯಲ್ಲಿ ಬೆಳೆದಿದ್ದರೆ ಅದೇ ರಕ್ತ, ಅದೇ ಶೌರ್ಯ ಎದುರು ದಿಕ್ಕಿಗೆ ತಿರುಗುತ್ತಿದ್ದವು. ಕಥಾಸಂವಿಧಾನವು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ. ಕೃತಿಯ ಹೆಸರೂ ಅದನ್ನೇ ಸಾರುತ್ತದೆ: ಇದು ಅನ್ಯರ ಕ್ರೌರ್ಯದ ಕಥೆಯಲ್ಲ, ನಮ್ಮ ಕರ್ಮದ ಕಥೆ.

ಆದರೆ ನಿರೂಪಕನ ಧ್ವನಿ ಕನ್ನಡಿಗರ ಪಕ್ಷದಲ್ಲಿಯೇ ನಿಂತಿದೆ. ಕಥೆಯು ಒಡೆಯುವ ಗೋಡೆಯನ್ನು ಧ್ವನಿಯು ಮತ್ತೆ ಕಟ್ಟುತ್ತದೆ. ಇದೇ ಕೃತಿಯ ದೋಷವೆಂದು ನಮಗೆ ತೋರುತ್ತದೆ. ವಾಚಕನು ಮೆಹರ್ಜಾನಳ ಕಣ್ಣೀರನ್ನು ಮರೆತು ಪಕ್ಷವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾನೆ. ರಾಮರಾಜನ ತಪ್ಪು ಒಬ್ಬ ಮನುಷ್ಯನ ತಪ್ಪಾಗಿ ಉಳಿಯುತ್ತದೆ. ಎದುರಿನ ಒಬ್ಬನ ತಪ್ಪು ಇಡೀ ಜನಾಂಗದ ಗುಣವಾಗಿಬಿಡುತ್ತದೆ.

ಇತಿಹಾಸವಾದರೋ ಇಷ್ಟು ಸರಳವಾದ ಎರಡು ಪಾಳೆಯಗಳನ್ನು ತೋರಿಸುವುದಿಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹನು 1550ರಲ್ಲಿ ಪಟ್ಟವೇರುವ ಮುನ್ನ ಆಶ್ರಯ ಪಡೆದದ್ದು ವಿಜಯನಗರದಲ್ಲಿಯೇ. ಅಹಮದನಗರದ ವಿರುದ್ಧ ವಿಜಾಪುರದ ಅಲಿ ಆದಿಲಶಾಹನು ರಾಮರಾಜನ ನೆರವು ಪಡೆದಿದ್ದನು. ಮುಂದೆ ಅವನೇ ಅಹಮದನಗರದೊಡನೆ ಕೂಡಿ ಬಂದನು. ಇಮ್ಮಡಿ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹಮದಖಾನನು ಕಟ್ಟಿಸಿದ ಮಸೀದಿ ಇಂದಿಗೂ ಹಂಪೆಯಲ್ಲಿದೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಹಾವೇರಿ ಜಿಲ್ಲೆಯದೇ ಆದ ಶಿಶುನಾಳದಲ್ಲಿ ಗೋವಿಂದಭಟ್ಟರ ಶಿಷ್ಯರಾದ ಶರೀಫ ಸಾಹೇಬರು 1889ರಲ್ಲಿ ಲಿಂಗೈಕ್ಯರಾದಾಗ ಗಳಗನಾಥರು ಇಪ್ಪತ್ತರ ತರುಣರು. ಆ ಗದ್ದುಗೆಗೆ ಎರಡೂ ಧರ್ಮದವರು ಇಂದಿಗೂ ನಡೆದುಕೊಳ್ಳುತ್ತಾರೆ. ಅಲ್ಲಿಯೂ ‘ನಾವು’ ಎಂಬ ಶಬ್ದವಿದೆ. ಅದರ ಅಂಗಳ ಮಾತ್ರ ದೊಡ್ಡದು.

ಅನ್ಯಮತದವರ ವಿಷಯದಲ್ಲಷ್ಟೇ ಈ ಮಾತು ಸಲ್ಲುವುದೆಂದು ಭಾವಿಸಬೇಕಾಗಿಲ್ಲ. ಒಂದೇ ಇಷ್ಟಲಿಂಗವನ್ನು ಧರಿಸಿದ ನಾವು ಕನ್ಯೆ ಕೊಡುವಾಗ, ಮತ ಹಾಕುವಾಗ ಒಳಪಂಗಡವನ್ನು ಕೇಳುವುದಿಲ್ಲವೆ? ತಾಜ್‌ಫೆಲ್‌ರ ಬಾಲಕರಿಗೆ ಚಿತ್ರವೊಂದು ಸಾಕಾಯಿತು. ನಮಗೆ ಒಂದು ಅಡ್ಡಹೆಸರು ಸಾಕಾಗುತ್ತದೆ.

ಗಳಗನಾಥರ ಕೃತಿಯನ್ನು ನಮ್ಮ ಮಕ್ಕಳು ಅವಶ್ಯ ಓದಲಿ. ಮುಷ್ಟಿ ಬಿಗಿದಾಗ ಹಿರಿಯರು ಪುಸ್ತಕವನ್ನು ಕಸಿದುಕೊಳ್ಳದಿರಲಿ. ‘ಮೆಹರ್ಜಾನಳಿಗೆ ಅನ್ಯಾಯ ಮಾಡಿದವರು ಯಾರು?’ ಎಂದು ಒಂದೇ ಪ್ರಶ್ನೆ ಕೇಳಲಿ. ಉತ್ತರ ಹುಡುಕುವಷ್ಟರಲ್ಲಿ ಮುಷ್ಟಿ ತಾನಾಗಿ ಸಡಿಲವಾಗುವುದು.