ಬೋರ್ಡು ಕನ್ನಡ, ಒಳಗೆ ಪೌಂಡು

ಹಳೆಯ ಕಂಪ್ಯೂಟರಿನ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬಂದು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆ. 2004ರಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನಗಳು. ‘ಕನ್ನಡ’ ಇರಬೇಕಾದ ಕಡೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ. ಬೀದರ್ ಶುರುವಾಗುವುದೇ ಕಾಪಿರೈಟ್ ಗುರುತಿನಿಂದ. ಭಾಲ್ಕಿಯ ಹೊಟ್ಟೆಯೊಳಗೆ ಉಷ್ಣಾಂಶದ ಡಿಗ್ರಿ ಸೊನ್ನೆ. ಏಪ್ರಿಲ್ ತಿಂಗಳನ್ನು ಇಲ್ಲಿ ಕಳೆದವರು ಅದನ್ನು ತಪ್ಪೆನ್ನಲಾರರು.

“ಕಾಕಾ, ಹಳೇ ಫಾಂಟ್ ಹಾಕಿದ್ರ ಆಯ್ತು, ಅದ್ರಾಗೇನದ?” ಅಂದ ಡಿಟಿಪಿ ಅಂಗಡಿಯ ಹುಡುಗ. ಹಾಕಿಯೂ ಕೊಟ್ಟ. ಪುಟಗಳೆಲ್ಲ ಕನ್ನಡವಾದವು. ಆದರೆ ‘ಹಿರೇಮಠ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಊರಿನಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫೈಲುಗಳದ್ದು ಇದರ ತಿರುವುಮುರುವು: ಬೋರ್ಡು ಕನ್ನಡ, ಒಳಗೆ ಇಂಗ್ಲಿಷ್. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ನಮ್ಮ ಮೇಜಿನ ಮೇಲಿನ ಯಂತ್ರಗಳು ಅದನ್ನು ಅರಗಿಸಿಕೊಳ್ಳಲು ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ಈ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸಿದವು. ಅವಿಲ್ಲದಿದ್ದರೆ ನನ್ನ ಲೇಖನಗಳೂ ಇರುತ್ತಿರಲಿಲ್ಲ, ಆ ಋಣ ದೊಡ್ಡದು. ಹಾಗೆಂದು ಫಾಂಟ್ ಹಾಕಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಯೂನಿಕೋಡಿಗೆ ಬದಲಿಸಲೇಬೇಕು, ಅದೂ ಮೂಲ ಫೈಲನ್ನು ಮುಟ್ಟದೆ, ನಕಲಿನ ಮೇಲೆ.

ಪರಿವರ್ತಕಕ್ಕೆ ಕೊಟ್ಟರೆ ಕ್ಷಣದ ಕೆಲಸ. ರುಚಿ ಇರುವುದು ಆಮೇಲಿನ ತಿದ್ದುಪಡಿಯಲ್ಲಿ. ‘ಕರ್ನಾಟಕ’ವನ್ನೇ ನೋಡಿ: ಹಳೆಯ ಫೈಲಿನಲ್ಲಿ ‘ನಾ’ ಮೊದಲು, ಅರ್ಕಾವೊತ್ತು ನಂತರ, ಕಣ್ಣಿಗೆ ಕಂಡಂತೆ. ಯೂನಿಕೋಡಿನಲ್ಲಿ ಬಾಯಿಗೆ ಬಂದಂತೆ, ‘ರ್’ ಮೊದಲು. ಪರಿವರ್ತಕ ಅದನ್ನು ಹಿಂದಿನಿಂದ ಎತ್ತಿ ಮುಂದೆ ಇಡಬೇಕು. ಇನ್ನು ‘ಬೀದರ್‌ನಲ್ಲಿ’ ಎಂಬ ಪದವಂತೂ ನಮ್ಮ ಜಿಲ್ಲೆಯ ಬರಹಗಾರರಿಗೆ ಶನಿಕಾಟ. ‘ರ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ತಡೆಯೊಂದು ಕೂರದಿದ್ದರೆ ಅದು ‘ಬೀದರ್ನಲ್ಲಿ’ ಆಗಿಬಿಡುತ್ತದೆ. ಔರಾದ್‌ಗೂ ಇದೇ ಗತಿ. ನಡುನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ನಂಬಿ ಕಲಸುಮೇಲೋಗರ ಮಾಡುತ್ತದೆ. ಅವನ್ನು ಮೂಲದ ಪಕ್ಕದಲ್ಲಿಟ್ಟು ಕೈಯಿಂದಲೇ ತಿದ್ದಬೇಕು.

ಮೂರು ರಾತ್ರಿ ಹಿಡಿಯಿತು. ಮುಗಿದ ಮೇಲೆ ಮತ್ತೆ ‘ಹಿರೇಮಠ’ ಹುಡುಕಿದೆ. ಹತ್ತು ಕಡೆ ಸಿಕ್ಕಿತು. ಹನ್ನೊಂದು ಇರಬೇಕಿತ್ತಲ್ಲ ಎಂದು ಪರಿವರ್ತಕವನ್ನು ಬೈದುಕೊಂಡೇ ಓದುತ್ತ ಹೋದೆ. ಹನ್ನೊಂದನೆಯದು ‘ಹಿರೇಮಟ’. 2004ರಲ್ಲಿ ನಾನೇ ಹಾಗೆ ಟೈಪ್ ಮಾಡಿದ್ದೆ.